ಗಾಳಿಮಳೆಗೆ ಕಿಟಕಿ-ಬಾಗಿಲು: ಅಂಗಡಿ ಮೇಜಿನ ಆಚೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಟಾರ್ಪಾಲು, ಚಿಲಕ, ಸಿಲಿಕಾನ್ ಟ್ಯೂಬಿನ ಸೀಸನ್ ಶುರು. ನಮ್ಮದು ಉಡುಪಿ ಜಿಲ್ಲೆಯ ಕಡಲ ಬದಿಯ ಸಣ್ಣ ಪೇಟೆ. ಮೇಜಿನ ಆಚೆ ನಿಂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಮುಂಬೈ-ದುಬೈಯಲ್ಲಿ ಕೂತು ಊರಮನೆಯ ಚಿಂತೆ ಮಾಡುವವರು ಬರೆದು ಕೇಳಿದ್ದು, ಎಲ್ಲವನ್ನೂ ಆದಷ್ಟು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ದರಗಳೆಲ್ಲ ನಮ್ಮ ಕಡೆಯ ಅಂದಾಜು.

## ಶುರುವಿನವು

ನಮ್ದೇನು ಒಡಿಶಾನಾ? ಇಲ್ಲಿ ಅಷ್ಟೆಲ್ಲ ಚಂಡಮಾರುತ ಬರುದಿಲ್ಲ ಅಲ್ವಾ? ಸುಮ್ನೆ ಯಾಕೆ ಖರ್ಚು?

ಬಂಗಾಳ ಕೊಲ್ಲಿಯಷ್ಟು ಅರಬ್ಬೀ ಸಮುದ್ರದಲ್ಲಿ ಏಳುವುದಿಲ್ಲ, ಅದು ಸರಿ. ಎದ್ದರೂ ಹೆಚ್ಚಿನವು ನಮ್ಮನ್ನು ಬದಿಗೆ ಬಿಟ್ಟು ಉತ್ತರಕ್ಕೋ ಒಮಾನಿನ ಕಡೆಗೋ ಹೋಗುತ್ತವೆ. 2021ರಲ್ಲಿ ತೌಕ್ತೆ ಹೋದದ್ದೂ ಹಾಗೆಯೇ, ನೆಲ ಮುಟ್ಟಿದ್ದು ಮೇ 17ಕ್ಕೆ ಗುಜರಾತಿನಲ್ಲಿ. ಆದರೆ ಬದಿಯಲ್ಲಿ ಹಾದು ಹೋಗುವಾಗಲೇ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಮನೆ, ದೋಣಿ, ಕಡಲ ಬದಿಯ ರಸ್ತೆ ಹಾಳು ಮಾಡಿ ಹೋಯಿತು.

ಇಷ್ಟಾಗಿಯೂ ನನ್ನ ಅಂಗಡಿಗೆ ಜನ ಓಡಿ ಬರುವುದು ಚಂಡಮಾರುತದ ದಿನವಲ್ಲ, ಜೂನ್ ಎರಡನೇ ವಾರದಲ್ಲಿ. ಪಡುವಣದಿಂದ ಅಡ್ಡಕ್ಕೆ ಹೊಡೆಯುವ ಎರಚಲಿಗೆ ಹಾಸಿಗೆ ಒದ್ದೆಯಾದ ಮಾರನೇ ಬೆಳಿಗ್ಗೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಹಾಗಾಗಿ ನಮ್ಮಲ್ಲಿ ಮೊದಲ ಖರ್ಚು ನೀರಿಗೆ, ಎರಡನೆಯದು ಗಾಳಿಗೆ. ಟಿವಿಯಲ್ಲಿ ನೋಡಿದ್ದಕ್ಕೆ ಹೆದರಿ ಅದನ್ನು ತಿರುಗುಮುರುಗು ಮಾಡಿದವರೇ ದುಡ್ಡು ಕಳೆದುಕೊಂಡದ್ದು.

ಕೈಯಲ್ಲಿ ಐದು ಸಾವಿರ ಉಂಟು. ಎಲ್ಲಿಂದ ಶುರು ಮಾಡುದು?

ಮೊದಲು ಒಂದು ಪೈಸೆ ಖರ್ಚಿಲ್ಲದ ಕೆಲಸ. ಮನೆಗೆ ಒಂದು ಸುತ್ತು ಬಂದು, ಗೋಡೆಯ ಮೇಲೆ ಹೋದ ವರ್ಷದ ಪಾಚಿ ಎಲ್ಲಿದೆ ನೋಡಿ. ಮಳೆ ಹೊಡೆಯುವ ಬದಿಯನ್ನು ಪಾಚಿಯೇ ತೋರಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ಪಡುವಣ ಮತ್ತು ನೈಋತ್ಯ. ಮನೆಯ ಹತ್ತು ಕಿಟಕಿಯಲ್ಲಿ ತೊಂದರೆ ಕೊಡುವುದು ಮೂರೋ ನಾಲ್ಕೋ, ದುಡ್ಡು ಅವಕ್ಕೆ ಮಾತ್ರ.

ಆ ಬದಿಯ ಬಾಗಿಲಿಗೆ ಎಂಟಿಂಚಿನ ಸ್ಟೀಲ್ ಚಿಲಕ ನಾಲ್ಕು, ಸುಮಾರು ಎಂಟುನೂರು. ಒಳ್ಳೆಯ ಸಿಲಿಕಾನ್ ಎರಡು ಟ್ಯೂಬು, ಆರುನೂರು. ಬಾಗಿಲಡಿಗೆ ರಬ್ಬರ್ ಪಟ್ಟಿ, ಮುನ್ನೂರು. ಆಚಾರಿಗೆ ಒಂದು ದಿನದ ಸಂಬಳ. ಉಳಿದದ್ದರಲ್ಲಿ ಅತಿ ಹೆಚ್ಚು ನೀರು ಬರುವ ಒಂದೇ ಒಂದು ಕಿಟಕಿಯ ಮೇಲೆ ತಗಡಿನ ಮಾಡು (ಚಾವಣಿ) ಇಳಿಸಿ. ಉಳಿದ ಕಿಟಕಿ ಬರುವ ವರ್ಷಕ್ಕೆ.

ಗಾಜಿಗೆ ಅಡ್ಡಡ್ಡ ಟೇಪ್ ಹಚ್ಚಿದ್ರೆ ಒಡೆಯುದಿಲ್ಲಂತೆ, ಹೌದಾ?

ಇಲ್ಲ. ಟೇಪಿನಿಂದ ಗಾಜಿಗೆ ಒಂದಿಷ್ಟೂ ಬಲ ಬರುವುದಿಲ್ಲ. ಒಡೆದಾಗ ಸಣ್ಣ ಚೂರಾಗುವ ಬದಲು ಟೇಪಿಗೆ ಅಂಟಿಕೊಂಡ ದೊಡ್ಡ ತುಂಡುಗಳೇ ಹಾರಿ ಬರಬಹುದು. ಬಿಸಿಲು ಬಂದ ಮೇಲೆ ಆ ಅಂಟು ತೆಗೆಯಲು ಸೀಮೆಎಣ್ಣೆ ಹುಡುಕುವ ಕೆಲಸ ಬೇರೆ. ಟೇಪ್ ಮಾರುವವನು ನಾನೇ, ಆದರೂ ಈ ಕೆಲಸಕ್ಕೆ ಕೊಡುವುದಿಲ್ಲ.

ಜೋರು ಗಾಳಿ ಬರುವಾಗ ಒಂದು ಕಿಟಕಿ ತೆರೆದಿಡ್ಬೇಕು, ಇಲ್ಲದ್ರೆ ಮಾಡು ಹಾರ್ತದೆ ಅಂತ ನಮ್ಮಜ್ಜ ಹೇಳ್ತಿದ್ರು.

ಅಜ್ಜನ ಮನೆಯ ಹಂಚಿನ ಮಾಡಿನಲ್ಲಿ ಸಾವಿರ ಸಂದು. ಒಳಗೆ ಬಂದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಈಗಿನ ಮನೆಯಲ್ಲಿ ಗಾಳಿ ಬರುವ ಬದಿಯ ಕಿಟಕಿ ತೆರೆದರೆ ಒಳನುಗ್ಗಿದ್ದು ಮಾಡನ್ನು ಕೆಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಎರಡೂ ಸೇರಿದರೆ ತಗಡಿನ ಶೀಟು ನಿಲ್ಲುವುದಿಲ್ಲ. ಎಲ್ಲವನ್ನೂ ಮುಚ್ಚಿ, ಒಳಗಿನ ಕೋಣೆಗಳ ಬಾಗಿಲನ್ನೂ ಹಾಕಿಡಿ. ಕಿಟಕಿ ಗಟ್ಟಿ ಮಾಡುವುದು ಗಾಜಿಗಿಂತ ಹೆಚ್ಚಾಗಿ ಮಾಡಿಗಾಗಿ ಎನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

## ನೀರಿನ ಕಾಟ

ಸ್ಲೈಡಿಂಗ್ ಕಿಟಕಿಯ ಅಡಿಯಿಂದ ನೀರು ಬರ್ತಿತ್ತು. ಸಿಲಿಕಾನ್ ಹಾಕಿ ಎಲ್ಲ ತೂತು ಮುಚ್ಚಿದೆ. ಈಗ ಮೊದಲಿಗಿಂತ ಜಾಸ್ತಿ ಬರ್ತದೆ ಮಾರಾಯ್ರೆ!

ನೀವು ಮುಚ್ಚಿದ್ದು ನೀರು ಹೊರಗೆ ಹೋಗುವ ದಾರಿಯನ್ನು. ಇದೇ ದೂರು ವರ್ಷಕ್ಕೆ ಇಪ್ಪತ್ತು ಬರುತ್ತದೆ.

ಸ್ಲೈಡಿಂಗ್ ಕಿಟಕಿ ಇರುವುದೇ ಹಾಗೆ. ಹಲಗೆ ಜಾರಬೇಕಾದರೆ ಸಂದು ಬೇಕು, ಸಂದಿನಲ್ಲಿ ನೀರು ಬರುತ್ತದೆ, ಬಂದದ್ದು ಕೆಳಗಿನ ಟ್ರ್ಯಾಕಿನಲ್ಲಿ ನಿಂತು ಹೊರಮುಖದ ಸಣ್ಣ ತೂತುಗಳಿಂದ ಇಳಿದು ಹೋಗಬೇಕು. ತೂತು ಕಟ್ಟಿದರೆ ಟ್ರ್ಯಾಕು ತೊಟ್ಟಿಯಾಗುತ್ತದೆ. ತುಂಬಿದ ಮೇಲೆ ಗಾಳಿ ಅದನ್ನು ಒಳಗೇ ತಳ್ಳುತ್ತದೆ.

ಹೋದ ಮಳೆಗಾಲದಲ್ಲಿ ಪರಿಚಯದ ಒಬ್ಬರ ಮನೆಗೆ ಹೋಗಿದ್ದೆ. ಕಿಟಕಿ ಬದಲಿಸಲು ನಲವತ್ತು ಸಾವಿರದ ಕೊಟೇಷನ್ ಹಿಡಿದು ಕೂತಿದ್ದರು. ಟ್ರ್ಯಾಕಿನಲ್ಲಿ ಒಂದು ಬೆರಳು ನೀರು. ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ಹೊರಗಿನ ತೂತಿಗೆ ತೂರಿದೆ. ಮೊದಲು ಕೆಂಪು ಮಣ್ಣು ಬಂತು, ಆಮೇಲೆ ಸತ್ತ ಹಾತೆ, ಆಮೇಲೆ ಗೊಳಕ್ ಎಂದು ನೀರೆಲ್ಲ ಹೊರಗೆ. ಅವರ ಹೆಂಡತಿ ಕೊಟೇಷನ್ ಕಾಗದ ಮಡಚಿ ಅದರಿಂದಲೇ ಟ್ರ್ಯಾಕಿನ ಮಣ್ಣು ಕೆರೆದು ತೆಗೆದರು.

ಪಕ್ಕದ ಕೋಣೆಯ ಕಿಟಕಿಯಲ್ಲಿ ತೂತೇ ಇರಲಿಲ್ಲ. ಕಿಟಕಿ ಕೂರಿಸಿದವನು ಕೊರೆಯಲು ಮರೆತಿದ್ದ. ಟ್ರ್ಯಾಕಿನ ಹೊರಬದಿಯ ಅಂಚಿನಲ್ಲಿ, ಅದರ ತಳಕ್ಕೆ ಸಮನಾಗಿ, ಎರಡು ಕೊನೆಗೆ ಒಂದೊಂದು ಮತ್ತು ನಡುವೆ ಒಂದು, ಐದಾರು ಮಿಲಿಮೀಟರಿನ ತೂತು ಹೊಡೆದರೆ ಮುಗಿಯಿತು. ಒಳಗಿನ ಅಂಚಿಗೆ ಮಾತ್ರ ಡ್ರಿಲ್ ತಾಗಿಸಬೇಡಿ. ಸಿಲಿಕಾನ್ ಬೇಕಾದದ್ದು ಚೌಕಟ್ಟು ಮತ್ತು ಗೋಡೆ ಕೂಡುವ ಸಂದಿಗೆ, ಅದೂ ಹೊರಗಿನಿಂದ.

ಸಿಲಿಕಾನ್ ನೂರೈವತ್ತಕ್ಕೂ ಉಂಟು, ಮುನ್ನೂರಕ್ಕೂ ಉಂಟು. ಎಂತ ವ್ಯತ್ಯಾಸ?

ಮೂಗಿಗೇ ಗೊತ್ತಾಗುತ್ತದೆ. ಹುಳಿಹುಳಿ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್. ಗಾಜಿಗೆ ಗಾಜು ಅಂಟಿಸಲು ಸಾಕು. ಸಿಮೆಂಟಿಗೆ ಸರಿಯಾಗಿ ಹಿಡಿಯದು, ಲೋಹಕ್ಕೆ ತುಕ್ಕು ತರುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವೆ ನ್ಯೂಟ್ರಲ್ ಎಂದು ಬರೆದದ್ದೇ ಬೇಕು. ಹಾಕುವುದು ಮೇ ತಿಂಗಳೊಳಗೆ, ಗೋಡೆ ಒಣಗಿದ್ದಾಗ. ಒದ್ದೆ ಗೋಡೆಗೆ ಬಳಿದ ಸಿಲಿಕಾನ್ ಆಗಸ್ಟಿನಲ್ಲಿ ರಿಬ್ಬನಿನ ಹಾಗೆ ಕೈಗೆ ಬರುತ್ತದೆ.

ಕಿಟಕಿಗೆ ಎರಡಡಿ ಸಜ್ಜಾ ಉಂಟು. ಆದ್ರೂ ಒಳಗೆಲ್ಲ ನೀರು ಯಾಕೆ?

ದೊಡ್ಡ ಹನಿ ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯೂ ಅಷ್ಟೇ ಇದ್ದರೆ, ಅಂದರೆ ಗಂಟೆಗೆ ಇಪ್ಪತ್ತೇಳು-ಇಪ್ಪತ್ತೆಂಟು ಕಿ.ಮೀ., ಮಳೆ 45 ಡಿಗ್ರಿ ಓರೆಯಾಗುತ್ತದೆ. ಆಗ ಎರಡಡಿ ಸಜ್ಜಾ ಕಾಯುವುದು ಅದರ ಕೆಳಗಿನ ಎರಡೇ ಅಡಿಯನ್ನು. ನಾಲ್ಕಡಿ ಕಿಟಕಿಯ ಕೆಳಗಿನ ಅರ್ಧಕ್ಕೆ ನೇರ ಹೊಡೆತ. ನಮ್ಮಲ್ಲಿ ಜುಲೈಯಲ್ಲಿ ಅಷ್ಟು ಗಾಳಿ ಏನೂ ವಿಶೇಷವಲ್ಲ.

ಹಳೆಯ ಮನೆಗಳ ಮಾಡು ಗೋಡೆಯಿಂದ ಮುಂದೆ ಬಂದು ಅಷ್ಟು ತಗ್ಗಿಗೆ ಇಳಿದಿರುತ್ತಿದ್ದದ್ದು ಇದಕ್ಕೇ. ಸಜ್ಜಾ ಒಡೆದು ಕಟ್ಟುವ ಬದಲು ಅದರ ಅಂಚಿನಿಂದ ಓರೆಯಾಗಿ ತಗಡನ್ನೋ ಪಾಲಿಕಾರ್ಬೊನೇಟ್ ಶೀಟನ್ನೋ ಕೆಳಗೆ ಇಳಿಸಿ, ಎರಡು ಬದಿಗೂ ಒಂದೊಂದು ತುಂಡು ಮುಚ್ಚಿ. ಬದಿ ಮುಚ್ಚದಿದ್ದರೆ ಅರ್ಧ ಕೆಲಸ. ಸಜ್ಜಾದ ಅಡಿಯಲ್ಲಿ ಅಂಚಿನ ಹತ್ತಿರ ಒಂದು ಗೆರೆ ಕೊರೆದಿದೆಯಾ ನೋಡಿ. ಅದಿಲ್ಲದಿದ್ದರೆ ನೀರು ಅಡಿಯನ್ನೇ ಹಿಡಿದು ಹರಿದು ಗೋಡೆಗೆ ಬರುತ್ತದೆ.

ತೆಂಗಿನ ಮಡಲಿನ ತಟ್ಟಿ, ಶೇಡ್ ನೆಟ್, ಟಾರ್ಪಾಲು, ಪ್ಲಾಸ್ಟಿಕ್ ಪರದೆ: ಯಾವುದು ಒಳ್ಳೆಯದು?

ನನ್ನ ಓಟು ತಟ್ಟಿಗೆ. ಮಾರಾಟದ ದೃಷ್ಟಿಯಿಂದ ಹೇಳಬಾರದು, ಮಡಲು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ. ಅಡಿಕೆ ದಬ್ಬೆಯ ಚೌಕಟ್ಟಿಗೆ ಹೆಣೆದ ಮಡಲು ಕಟ್ಟಿದ ತಟ್ಟಿಯಲ್ಲಿ ಗಾಳಿ ಸೋಸಿ ಹೋಗುತ್ತದೆ, ನೀರು ಕೆಳಗೆ ಜಾರುತ್ತದೆ. ಗಾಳಿಯನ್ನು ಪೂರ್ತಿ ತಡೆಯದ ಕಾರಣ ಹರಿಯುವುದಿಲ್ಲ. ತೋಟ ಇರುವವರಿಗೆ ಹಗ್ಗದ ಖರ್ಚು ಮಾತ್ರ. ಹೆಣೆಯುವ ಕೈಗಳು ಕಡಿಮೆಯಾಗುತ್ತಿವೆ, ಅದೊಂದೇ ಕಷ್ಟ.

ಹಸಿರು ಶೇಡ್ ನೆಟ್ ಅದರ ಪೇಟೆ ತಮ್ಮ. ಗಾಳಿ ಬಿಡುತ್ತದೆ, ಎರಚಲನ್ನು ಸಣ್ಣ ತುಂತುರು ಮಾಡುತ್ತದೆ, ಜಗಲಿಗೆ ಚೆನ್ನ. ಟಾರ್ಪಾಲು ಗಾಳಿ ಬಿಡದ್ದರಿಂದ ಹಾಯಿಯ ಹಾಗೆ ಉಬ್ಬಿ ಕಟ್ಟಿದ ಕಂಬವನ್ನೇ ಎಳೆದು ಹಾಕುತ್ತದೆ. ಕಟ್ಟಲೇಬೇಕಾದರೆ ಕೆಳಗಿನ ಅಂಚನ್ನು ಬಿಗಿಯದೆ ಒಂದು ಬಿದಿರು ಸುತ್ತಿ ನೇತುಬಿಡಿ. ದಪ್ಪ ಪ್ಲಾಸ್ಟಿಕ್ ಪರದೆಯಲ್ಲಿ ಬೆಳಕು ಬರುತ್ತದೆ, ನಿಜ. ಆದರೆ ಕೆಂಪು ಎಚ್ಚರಿಕೆ ಬಂದ ದಿನ ಸುತ್ತಿ ಮೇಲೆ ಕಟ್ಟಲು ಯಾರಾದರೂ ಮನೆಯಲ್ಲಿರಬೇಕು.

ಬಾಗಿಲಡಿಯಿಂದ ನೀರು ಬರ್ತದೆ. ಹೊಸ ಮನೆ, ಹೊಸಿಲೇ ಇಟ್ಟಿಲ್ಲ.

ಇಂಜಿನಿಯರು ಚಂದಕ್ಕೆ ನೆಲ ಸಮ ಮಾಡಿಕೊಟ್ಟಿರುತ್ತಾರೆ. ಹೊಸಿಲನ್ನು ಎತ್ತರ ಮಾಡಿದ ಹಿರಿಯರು ಪೂಜೆಗೆ ಮಾತ್ರ ಮಾಡಿದ್ದಲ್ಲ. ಈಗ ಮಾಡಬಹುದಾದದ್ದು: ಬಾಗಿಲು ಕೂರುವ ಗೆರೆಯಲ್ಲಿ ಒಂದಿಂಚು ಎತ್ತರದ ಗ್ರಾನೈಟ್ ಪಟ್ಟಿ ಅಂಟಿಸಿ, ಬಾಗಿಲ ಅಡಿಯನ್ನು ಅದಕ್ಕೆ ಸರಿಯಾಗಿ ಕೊಯ್ಯಿಸಿ. ಅಡಿಗೆ ರಬ್ಬರ್ ಪಟ್ಟಿ, ಹೊರಮುಖದಲ್ಲಿ ಕೆಳಗೆ ಓರೆಯಾದ ಮರದ ತುಂಡು. ಬಾಗಿಲ ಮೇಲೆ ಇಳಿದ ನೀರು ಆ ತುಂಡಿನಿಂದ ಹೊರಗೆ ಚಿಮ್ಮುತ್ತದೆ. ಹೊರಗಿನ ಮೆಟ್ಟಿಲು ಒಳಗಡೆಗೆ ವಾಟ ಇದ್ದರೆ ಇಷ್ಟು ಮಾಡಿಯೂ ಪ್ರಯೋಜನವಿಲ್ಲ, ಮೊದಲು ಅದನ್ನು ಸರಿಮಾಡಿ.

ಮಳೆ ಶುರುವಾದ್ರೆ ಬಾಗಿಲು ಹಾಕ್ಲಿಕ್ಕೇ ಆಗುದಿಲ್ಲ. ಕೀಸ್ಲಿಕ್ಕೆ ಹೇಳುದಾ?

ಜುಲೈಯಲ್ಲಿ ಕೀಸಿದರೆ ಜನವರಿಯಲ್ಲಿ ಬೆರಳು ತೂರುವಷ್ಟು ಸಂದು. ಈಗ ಉಜ್ಜುವ ಜಾಗಕ್ಕೆ ಮೇಣದ ಬತ್ತಿ ತಿಕ್ಕಿ ಸುಧಾರಿಸಿಕೊಳ್ಳಿ. ಬೇಸಿಗೆಯಲ್ಲಿ ಬಾಗಿಲು ಇಳಿಸಿ ಮೇಲಿನ ಮತ್ತು ಅಡಿಯ ಅಂಚಿಗೆ ಪೇಂಟ್ ಬಳಿಸಿ. ಕಣ್ಣಿಗೆ ಕಾಣದ ಈ ಎರಡು ಅಂಚನ್ನು ಹೆಚ್ಚಿನ ಪೇಂಟರುಗಳು ಬಿಟ್ಟಿರುತ್ತಾರೆ, ಮರ ನೀರು ಕುಡಿಯುವುದು ಅಲ್ಲಿಂದಲೇ. ಗೇರೆಣ್ಣೆ ಬಳಿಯುವ ಹಳೆಯ ಕ್ರಮವೂ ಒಳ್ಳೆಯದೇ, ಆದರೆ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟು ಏಳುತ್ತದೆ.

## ಗಾಳಿಯ ಲೆಕ್ಕ

ಗಾಳಿಗೆ ಕಿಟಕಿ ಕಿತ್ತು ಹೋಗುವಷ್ಟು ಬಲ ಉಂಟಾ?

ಕಟ್ಟಡಕ್ಕೆ ಗಾಳಿಯ ಭಾರ ಕಟ್ಟುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಸುಲಭದ ಲೆಕ್ಕ ಒಂದಿದೆ: ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. ನಾಲ್ಕಡಿಗೆ ನಾಲ್ಕಡಿ ಕಿಟಕಿ ಹಿಡಿಯಿರಿ. 60 ಕಿ.ಮೀ. ಗಾಳಿಗೆ ಅದರ ಮೇಲೆ ಸುಮಾರು 25 ಕೆಜಿ, ಒಂದು ಅಕ್ಕಿ ಚೀಲ. 100 ಕಿ.ಮೀ. ಆದಾಗ 70 ಕೆಜಿ, ಒಬ್ಬ ಆಳು ಅದರ ಮೇಲೆ ಮಲಗಿದ ಹಾಗೆ. ವೇಗ ಎರಡು ಪಟ್ಟೂ ಆಗಿಲ್ಲ, ಭಾರ ಮೂರು ಪಟ್ಟಿನ ಹತ್ತಿರ. ಇದೇ ಮಾನಕದಲ್ಲಿ ಮಂಗಳೂರಿಗೆ ಹಿಡಿದ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿ.ಮೀ. ಬೆಂಗಳೂರಿಗೆ 33 ಮೀಟರ್.

ಈ ಭಾರ ಕೊನೆಗೆ ಬಂದು ಬೀಳುವುದು ಚಿಲಕ-ಬಿಜಾಗ್ರಿ ಹಿಡಿದ ಮುಕ್ಕಾಲಿಂಚಿನ ನಾಲ್ಕು ಸ್ಕ್ರೂಗಳ ಮೇಲೆ.

ಎರಡು ಪಡಿಯ ಬಾಗಿಲು. ಗಾಳಿ ಬಂದಾಗ ನಡುವೆ ಬಾಯಿ ಬಿಡ್ತದೆ.

ನಡುವಿನ ಚಿಲಕ ಒಂದೇ ಕೆಲಸ ಮಾಡುತ್ತಿದೆ. ಮೊದಲು ಮುಚ್ಚುವ ಪಡಿಗೆ ಮೇಲೂ ಕೆಳಗೂ ಚಿಲಕ ಇರಬೇಕು, ಕೆಳಗಿನದ್ದು ನೆಲದಲ್ಲಿ ಕೊರೆದ ಗುಳಿಗೆ ಒಂದಿಂಚಾದರೂ ಇಳಿಯಬೇಕು. ಹೆಚ್ಚಿನ ಮನೆಗಳಲ್ಲಿ ಆ ಗುಳಿಯಲ್ಲಿ ಮಣ್ಣು ತುಂಬಿ ಚಿಲಕ ಅರ್ಧಕ್ಕೇ ನಿಂತಿರುತ್ತದೆ. ಒಂದು ಮೊಳೆಯಿಂದ ಕೆರೆದರೆ ಆಯಿತು. ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯ ಉಪಾಯ ಹಳೆಯ ಅಡ್ಡ ಅಗಳಿ. ದಾರಂದದ (ಬಾಗಿಲ ಚೌಕಟ್ಟಿನ) ಎರಡು ಬದಿಗೂ ಕಬ್ಬಿಣದ ಕೊಕ್ಕೆ, ನಡುವೆ ಒಂದು ಮರದ ರೀಪು. ಮರದ ತುಂಡು ಮನೆಯಲ್ಲೇ ಬಿದ್ದಿರುತ್ತದೆ.

ಪ್ಲೈವುಡ್ ಹೊಡೆಯುದಾದ್ರೆ ಯಾವುದು? ಎಷ್ಟು ದಪ್ಪ?

ದೊಡ್ಡ ಗಾಜಿನ, ಕಡಲಿಗೆ ನೇರ ಮುಖ ಮಾಡಿದ ಒಂದೆರಡು ಕಿಟಕಿಗೆ ಮಾತ್ರ. 12 ಮಿ.ಮೀ. ಸಾಕು. ಎಂಆರ್ ಎಂದು ಬರೆದದ್ದು ಬೇಡ, ಅದು ಒಳಗಿನ ಕಪಾಟಿಗೆ. ಐಎಸ್ 710 ಮುದ್ರೆಯದ್ದು ಚದರಡಿಗೆ ನೂರು ರೂಪಾಯಿಯ ಆಸುಪಾಸು, ಅಂಚಿಗೆ ಎರಡು ಕೋಟ್ ಪೇಂಟ್ ಬಳಿದು ಒಣ ಜಾಗದಲ್ಲಿ ನಿಲ್ಲಿಸಿಟ್ಟರೆ ಬಹಳ ವರ್ಷ ಬರುತ್ತದೆ. ಎಂಟಡಿ-ನಾಲ್ಕಡಿ ಶೀಟಿನಲ್ಲಿ ನಾಲ್ಕಡಿ ಕಿಟಕಿಗೆ ಎರಡು ತುಂಡು ಎಂದು ಲೆಕ್ಕ ಹಾಕಬೇಡಿ. ಹಲಗೆ ನಾಲ್ಕೂ ಬದಿಗೆ ಮೂರಿಂಚು ಹೊರಗೆ ಚಾಚಬೇಕು, ಹಾಗಾಗಿ ಒಂದು ಶೀಟಿಗೆ ಮೂರೂವರೆ ಅಡಿಯ ಎರಡು ಕಿಟಕಿ.

ಮೊಳೆ ಬೇಡ. ಒಮ್ಮೆ ಪ್ರತಿ ಬದಿಗೆ ಒಂದೊಂದಡಿ ಬಿಟ್ಟು ಬೋಲ್ಟ್ ಕೂರಿಸಿಟ್ಟರೆ ಪ್ರತಿ ಸಲ ಹಲಗೆ ತೂರಿಸಿ ನಟ್ ತಿರುಗಿಸಿದರಾಯಿತು. ಕೆಂಪುಕಲ್ಲಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಕಲ್ಲೇ ತೂತು ತೂತು. ಮೇಲೆ ಕಾಂಕ್ರೀಟ್ ಲಿಂಟಲ್, ಬದಿಗೆ ಮರದ ದಾರಂದ ಹಿಡಿಯಿರಿ. ಗ್ರಿಲ್ ಹೊರಬದಿಗೆ ಇದ್ದರೆ ಇನ್ನೂ ಸಲೀಸು: ಮಾಡಿನ ಶೀಟಿಗೆ ಹಾಕುವ ಜೆ ಬೋಲ್ಟಿನಿಂದ ಸರಳಿಗೇ ಹಲಗೆ ಬಿಗಿಯಬಹುದು. ಹಲಗೆಯ ಹಿಂದೆ 'ಅಡಿಗೆ ಕೋಣೆ ಪಡು' ಎಂದು ಬರೆದಿಡಿ, ಮಳೆಯಲ್ಲಿ ನಿಂತು ಯಾವುದು ಯಾವುದಕ್ಕೆ ಎಂದು ಹುಡುಕುವ ಫಜೀತಿ ಬೇಡ. ಎಲ್ಲವನ್ನೂ ಮುಚ್ಚಿದರೂ ಒಂದು ಬಾಗಿಲು ಒಳಗಿನಿಂದ ತೆರೆಯುವಂತಿರಲಿ.

ಚಿಲಕ, ಸ್ಕ್ರೂ ಎಲ್ಲ ಎರಡೇ ವರ್ಷಕ್ಕೆ ತುಕ್ಕು. ಸ್ಟೀಲ್ ಅಂತ ಹೇಳಿ ಕೊಟ್ಟದ್ದು!

ಸ್ಟೀಲಿನಲ್ಲಿ ಜಾತಿ ಉಂಟು. ಕಡಲಿನಿಂದ ಒಂದೆರಡು ಕಿಲೋಮೀಟರಿನೊಳಗೆ 304 ಕೂಡ ಕಂದು ಕಲೆ ಬಿಡುತ್ತದೆ, ಉಪ್ಪು ಗಾಳಿಗೆ ತಡೆಯುವುದು 316. ಬೆಲೆ ಜಾಸ್ತಿ, ಎಲ್ಲದಕ್ಕೂ ಬೇಡ, ಹೊರಬದಿಯ ಸ್ಕ್ರೂ ಮತ್ತು ಬಿಜಾಗ್ರಿಗೆ ಸಾಕು. ಚಿಲಕಕ್ಕೆ ಹಿತ್ತಾಳೆ ನಂಬಬಹುದು. ಒಳ್ಳೆಯ ಚಿಲಕಕ್ಕೆ ಕಬ್ಬಿಣದ ಸ್ಕ್ರೂ ಹಾಕಿ ಹೋಗುವ ಆಚಾರಿಗಳ ಮೇಲೆ ಕಣ್ಣಿಡಿ.

## ದೊಡ್ಡ ಖರ್ಚಿಗೆ ಇಳಿಯುವ ಮೊದಲು

ಗಾಜೇ ಬದಲಿಸುದಾದ್ರೆ ಟಫನ್ಡಾ, ಲ್ಯಾಮಿನೇಟೆಡಾ?

ಟಫನ್ಡ್ ಗಟ್ಟಿ, ಆದರೆ ತೆಂಗಿನಕಾಯಿ ಬಡಿದು ಒಡೆದರೆ ಪೂರ್ತಿ ಪುಡಿಪುಡಿಯಾಗಿ ಉದುರಿ ಕಿಟಕಿ ಬಾಯ್ದೆರೆದು ನಿಲ್ಲುತ್ತದೆ. ಲ್ಯಾಮಿನೇಟೆಡಿನಲ್ಲಿ ಎರಡು ಗಾಜಿನ ನಡುವೆ ಪಾರದರ್ಶಕ ಪದರ ಇರುವುದರಿಂದ ಬಿರುಕು ಬಿಟ್ಟರೂ ಚೌಕಟ್ಟಿನಲ್ಲೇ ಉಳಿಯುತ್ತದೆ. ಬಿರುಗಾಳಿಗೆ ಎರಡನೆಯದು. ತೆಂಗಿನ ಮರ ಕಿಟಕಿಯ ನೇರಕ್ಕೆ ಇದ್ದರೆ ಗಾಜಿಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ ಮೇ ತಿಂಗಳಲ್ಲಿ ಒಣ ಮಡಲು, ಕಾಯಿ ಇಳಿಸಿಬಿಡಬಹುದು.

ಮಂಗಳೂರಲ್ಲಿ ಹನ್ನೆರಡನೇ ಮಹಡಿ, ಬಾಡಿಗೆ ಮನೆ. ಗೋಡೆಗೆ ತೂತು ಹೊಡೆಯುವ ಹಾಗಿಲ್ಲ.

ಎತ್ತರ ಹೋದಂತೆ ಗಾಳಿ ಹೆಚ್ಚು, ಹಾಗಾಗಿ ನಿಮ್ಮಲ್ಲಿ ಹೊರಗೆ ಏನನ್ನೂ ಕಟ್ಟಬೇಡಿ, ಬಿಚ್ಚಿ ಬಿದ್ದರೆ ಕೆಳಗೆ ಜನ. ಬಾಲ್ಕನಿಯ ಹೂಕುಂಡ, ಕುರ್ಚಿ ಒಳಗೆ. ಟ್ರ್ಯಾಕಿನ ತೂತು ಶುಚಿ. ಹಲಗೆಯ ಅಂಚಿನ ಬ್ರಷ್ ಪಟ್ಟಿ ಸವೆದಿದ್ದರೆ ಹೊಸದು ಹಾಕಿಸಿ, ಮೀಟರಿಗೆ ಕೆಲವೇ ರೂಪಾಯಿ. ಕಿಟಕಿ ಗಡಗಡ ಎನ್ನುವುದು ನಿಲ್ಲುವುದು ಅದರಿಂದಲೇ.

ಮಗ ಫ್ಲೋರಿಡಾದಲ್ಲಿದ್ದಾನೆ. ಅಲ್ಲಿನ ಹಾಗೆ ಶಟರ್ ಹಾಕ್ಸಿ ಅಂತಾನೆ.

ಅಲ್ಲಿ 1992ರ ಆಂಡ್ರ್ಯೂ ಚಂಡಮಾರುತದ ನಂತರ ನಿಯಮ ಬಿಗಿಯಾಯಿತು. ಸುಮಾರು ನಾಲ್ಕು ಕಿಲೋ ತೂಕದ ಮರದ ರೀಪನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿದ ಶಟರುಗಳು ಅವು. ಮಗನ ಮನೆ ಇರುವುದು ಮರದ ಚೌಕಟ್ಟಿನ ಮೇಲಾದರೆ ಅದು ಬೇಕೇ ಬೇಕು. ನಮ್ಮ ಕೆಂಪುಕಲ್ಲಿನ ಗೋಡೆ, ಕಬ್ಬಿಣದ ಸರಳಿನ ಸಣ್ಣ ಕಿಟಕಿಗೆ ಅಷ್ಟು ಬೇಡ. ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಗಾಜಿನ ಬಾಗಿಲು ಇದ್ದರೆ, ಅದೊಂದಕ್ಕೆ ಅಂಗಡಿಗಳಿಗೆ ಹಾಕುವ ರೋಲಿಂಗ್ ಶಟರ್ ಹಾಕಿಸಿ. ಎರಡು ಬದಿಯ ಚಾನೆಲ್ ಆಳ ಇರಲಿ, ಕಡಿಮೆ ಆಳದ್ದರಿಂದ ಪಟ್ಟಿ ಗಾಳಿಗೆ ಬಾಗಿ ಹೊರಗೆ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಒಡೆದ್ರೆ? ಸರ್ಕಾರ ಕೊಡ್ತದಾ, ಇನ್ಶೂರೆನ್ಸಾ?

ವಿಪತ್ತು ಪರಿಹಾರದ ಮಾನದಂಡದಲ್ಲಿ ಭಾಗಶಃ ಹಾನಿ ಎನ್ನಬೇಕಾದರೆ ಮನೆಯ ಕನಿಷ್ಠ 15% ಹಾಳಾಗಿರಬೇಕು. ಎರಡು ಕಿಟಕಿ ಅಷ್ಟಾಗುವುದಿಲ್ಲ, ಮಾಡೂ ಹೋದರೆ ಮಾತು ಬೇರೆ. ವಿಮೆಯಲ್ಲಿ 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳಲ್ಲೂ ಒಂದೇ ಮಾದರಿಯ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ, ಬಿರುಗಾಳಿ, ಚಂಡಮಾರುತ, ನೆರೆ ಅದರೊಳಗೆ ಬರುತ್ತವೆ. ಹತ್ತು ವರ್ಷದಿಂದ ಸೋರಿ ಕೊಳೆತ ದಾರಂದಕ್ಕೆ ಕೊಡುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಪ್ರತಿ ಕಿಟಕಿ-ಬಾಗಿಲಿನ ಫೋಟೊ ತೆಗೆದಿಡಿ. ಒಡೆದ ಮೇಲೆ ಗಾಜು ಗುಡಿಸುವ ಮೊದಲು ಇನ್ನೊಮ್ಮೆ ತೆಗೆಯಿರಿ, ಗ್ರಾಮ ಆಡಳಿತಾಧಿಕಾರಿಗೆ ಅದೇ ದಿನ ತಿಳಿಸಿ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077. ಹೊಸ ಗಾಜಿನ ಬಿಲ್ಲು ಕೇಳಿ ತೆಗೆದುಕೊಳ್ಳಿ, ನಮ್ಮ ಅಂಗಡಿಯಲ್ಲೂ ಕೇಳದಿದ್ದರೆ ಕೊಡಲು ಮರೆಯುತ್ತೇವೆ.